ಗೇರ್ ಬೈಕ್ ಪರವಾನಗಿ ಮತ್ತು ಮೊದಲ ಬೈಕ್: ಮಲೆನಾಡಿನ ನಿತ್ಯ ಪ್ರಯಾಣಕ್ಕೆ ಸಲಹೆ ಬೇಕು

ತುಂಗಾತೀರದ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ತೀರ್ಥಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದು, ಆಗುಂಬೆಯ ಕಡೆಗಿರುವ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. ಶಾಲೆ ಮನೆಯಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿದೆ. ಮುಕ್ಕಾಲು ದಾರಿ ಹೆದ್ದಾರಿ, ಉಳಿದದ್ದು ಅಡಿಕೆ ತೋಟಗಳ ನಡುವೆ ಏರಿಳಿಯುವ ಕಿರಿದಾದ ಡಾಂಬರು ರಸ್ತೆ, ಕೊನೆಯಲ್ಲಿ ಸ್ವಲ್ಪ ಮಣ್ಣಿನ ದಾರಿ. ಬೆಳಿಗ್ಗೆ ಹೋಗುವ ಬಸ್ಸು ಸಿಗುತ್ತದೆ, ಸಂಜೆ ಮರಳುವ ಬಸ್ಸನ್ನು ನಂಬುವಂತಿಲ್ಲ. ಮಳೆಗಾಲದಲ್ಲಿ ಕತ್ತಲಾಗುವ ಮುನ್ನ ಮನೆ ಸೇರುವುದೇ ಚಿಂತೆಯಾಗಿಬಿಡುತ್ತದೆ. ಹೀಗಾಗಿ ಸ್ವಂತ ದ್ವಿಚಕ್ರ ವಾಹನ ಕೊಳ್ಳಲೇಬೇಕೆಂದು ತೀರ್ಮಾನಿಸಿದ್ದೇನೆ.

ಸೈಕಲ್ ಚೆನ್ನಾಗಿ ಬರುತ್ತದೆ, ಆದರೆ ಮೋಟಾರು ವಾಹನವನ್ನು ಈವರೆಗೆ ಓಡಿಸಿಲ್ಲ. ಎತ್ತರ 157 ಸೆಂಟಿಮೀಟರ್. ಹುಡುಗಿಯರಿಗೆ ಗೇರ್ ಇಲ್ಲದ ಸ್ಕೂಟರೇ ಸರಿ ಎಂದು ಅಪ್ಪ ಹೇಳುತ್ತಾರೆ. ಘಾಟಿ ರಸ್ತೆಗೆ 350 ಸಿಸಿ ಬೈಕೇ ಬೇಕು, ಭಾರವಿದ್ದಷ್ಟೂ ರಸ್ತೆಯನ್ನು ಹಿಡಿದು ನಿಲ್ಲುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಇಬ್ಬರ ಮಾತಿನ ನಡುವೆ ನನಗೆ ದಾರಿ ಕಾಣುತ್ತಿಲ್ಲ.

ಕೇಳಬೇಕಾದದ್ದು ಮೂರು ವಿಷಯ. ಗೇರ್ ಇಲ್ಲದ ಮತ್ತು ಗೇರ್ ಇರುವ ವಾಹನದ ಪರವಾನಗಿಗಳಲ್ಲಿ ಯಾವುದಕ್ಕೆ ಅರ್ಜಿ ಹಾಕಬೇಕು, ಕ್ರಮ ಹೇಗೆ? ಆರ್‌ಟಿಒದಲ್ಲಿ ಇನ್ನು ಪರೀಕ್ಷೆಯೇ ಇರುವುದಿಲ್ಲ, ಡ್ರೈವಿಂಗ್ ಸ್ಕೂಲಿನ ಪ್ರಮಾಣಪತ್ರ ಕೊಟ್ಟರೆ ಸಾಕು ಎಂಬ ಸಂದೇಶವೊಂದು ಫೋನಿಗೆ ಬಂದಿತ್ತು, ಅದು ನಿಜವೇ? ಕೊನೆಯದಾಗಿ, ಒಟ್ಟು ಒಂದೂಕಾಲು ಲಕ್ಷ ರೂಪಾಯಿಯೊಳಗೆ ನನ್ನಂಥ ಹೊಸಬರಿಗೆ ಈ ರಸ್ತೆಯಲ್ಲಿ ಯಾವ ಬಗೆಯ ವಾಹನ ಸೂಕ್ತ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಹಾಸನದ ತರಬೇತುದಾರ:

ನಮಸ್ಕಾರ ಮೇಡಂ. ಬಹಳ ವರ್ಷಗಳಿಂದ ವಾಹನ ಚಾಲನೆ ಕಲಿಸುತ್ತಿರುವ ಕಾರಣ ಪರವಾನಗಿಯ ಭಾಗಕ್ಕಷ್ಟೇ ಉತ್ತರಿಸುತ್ತೇನೆ. ಬೈಕಿನ ಆಯ್ಕೆಯ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಮೊದಲಿಗೆ, ಗೇರ್ ಇರುವ ಮೋಟಾರ್ ಸೈಕಲ್ಲಿನ ಪರವಾನಗಿಗೇ ಅರ್ಜಿ ಹಾಕಿ. ಅದು ಇದ್ದವರು ಗೇರ್ ಇಲ್ಲದ ಸ್ಕೂಟರನ್ನೂ ಓಡಿಸಬಹುದು. ಗೇರ್ ಇಲ್ಲದ ವಾಹನದ ಪರವಾನಗಿ ಮಾತ್ರ ಇದ್ದವರು ಗೇರ್ ಬೈಕ್ ಓಡಿಸುವಂತಿಲ್ಲ. ನಾಳೆ ಸ್ಕೂಟರೇ ಸಾಕು ಎಂದು ನಿಮಗೆ ಅನ್ನಿಸಿದರೂ ಕಲಿತದ್ದು ವ್ಯರ್ಥವಾಗುವುದಿಲ್ಲ. ಇಂದು ಸುಲಭವೆಂದು ಗೇರ್ ಇಲ್ಲದ ಪರವಾನಗಿ ಪಡೆದು, ಎರಡು ವರ್ಷದ ಬಳಿಕ ಬೈಕ್ ಬೇಕೆನಿಸಿದಾಗ ಮತ್ತೆ ಎಲ್‌ಎಲ್‌ಆರ್‌ನಿಂದ, ಅಂದರೆ ಕಲಿಕಾ ಪರವಾನಗಿಯಿಂದ, ಶುರುಮಾಡಿದವರನ್ನು ಬಹಳ ಕಂಡಿದ್ದೇನೆ.

ಅರ್ಜಿಯನ್ನು ಕೇಂದ್ರ ಸಾರಿಗೆ ಇಲಾಖೆಯ ಸಾರಥಿ ಜಾಲತಾಣದಲ್ಲಿ ಸಲ್ಲಿಸಬೇಕು. ವಯಸ್ಸು ಮತ್ತು ವಿಳಾಸದ ದಾಖಲೆ, ಭಾವಚಿತ್ರ, ಸಹಿ, ಜೊತೆಗೆ ನಮೂನೆ 1ರಲ್ಲಿ ದೈಹಿಕ ಸಾಮರ್ಥ್ಯದ ಸ್ವಯಂ ಘೋಷಣೆ ಬೇಕು. ವೈದ್ಯರ ಪ್ರಮಾಣಪತ್ರವಾದ ನಮೂನೆ 1ಎ ಬೇಕಾಗುವುದು 40 ವರ್ಷ ದಾಟಿದವರಿಗೆ ಮತ್ತು ಸಾರಿಗೆ ವಾಹನದ ಪರವಾನಗಿ ಕೇಳುವವರಿಗೆ, ನಿಮಗೆ ಅದರ ಅಗತ್ಯವಿಲ್ಲ. ಆದರೂ ನಮೂನೆ 1ರಲ್ಲಿರುವ ಒಂದು ಪ್ರಶ್ನೆಯನ್ನು ಓದದೆ ಟಿಕ್ ಮಾಡಬೇಡಿ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟನ್ನು, ಕನ್ನಡಕವಿದ್ದರೆ ಅದನ್ನು ಹಾಕಿಕೊಂಡು, ಓದಬಲ್ಲಿರಾ ಎಂದು ಅಲ್ಲಿ ಕೇಳುತ್ತಾರೆ. ಮನೆಯ ಮುಂದೆ ಹೆಜ್ಜೆ ಅಳೆದು ನಿಂತು ಒಮ್ಮೆ ಪರೀಕ್ಷಿಸಿಕೊಳ್ಳಿ. ಮಂಜು ಕವಿಯುವ ರಸ್ತೆಯಲ್ಲಿ ಓಡಾಡಬೇಕಾದವರಿಗೆ ದೃಷ್ಟಿಯಷ್ಟು ಮುಖ್ಯವಾದದ್ದು ಬೇರೊಂದಿಲ್ಲ.

ಕಲಿಕಾ ಪರವಾನಗಿಯ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆಧಾರ್ ದೃಢೀಕರಣದ ಮೂಲಕ ಅರ್ಜಿ ಹಾಕಿದವರು ಮನೆಯಿಂದಲೇ ಬರೆಯಲು ಅವಕಾಶವಿದೆ. ಸಂಚಾರ ಚಿಹ್ನೆ, ಯಾರಿಗೆ ಮೊದಲು ದಾರಿ ಬಿಡಬೇಕು, ಎಲ್ಲಿ ಓವರ್‌ಟೇಕ್ ಮಾಡಬಾರದು ಎಂಬಂಥ ಪ್ರಶ್ನೆಗಳೇ ಹೆಚ್ಚು. ಪಕ್ಕದಲ್ಲಿ ಬೇರೆಯವರನ್ನು ಕೂರಿಸಿಕೊಂಡು ಉತ್ತರ ಒತ್ತುವ ಅಭ್ಯಾಸ ಈಗ ಹೆಚ್ಚಾಗಿದೆ, ಇದು ನನಗೆ ನಿಜಕ್ಕೂ ನೋವು ತರುವ ಸಂಗತಿ. ನೀವು ಶಿಕ್ಷಕಿ, ಈ ಮಾತನ್ನು ವಿವರಿಸಬೇಕಾಗಿಲ್ಲ.

ಎಲ್‌ಎಲ್‌ಆರ್ ಸಿಕ್ಕ ದಿನದಿಂದ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. 30 ದಿನ ಕಳೆದ ಬಳಿಕವೇ ಡಿಎಲ್ ಪರೀಕ್ಷೆಗೆ ದಿನಾಂಕ ಪಡೆಯಬಹುದು. ಶುಲ್ಕ ಕೇಂದ್ರ ನಿಯಮಗಳಂತೆ ಕಲಿಕಾ ಪರವಾನಗಿಗೆ 150 ರೂಪಾಯಿ ಮತ್ತು ಪರೀಕ್ಷೆಗೆ 50, ಡಿಎಲ್‌ಗೆ 200 ಮತ್ತು ಚಾಲನಾ ಪರೀಕ್ಷೆಗೆ 300. ಇದರ ಮೇಲೆ ಸೇವಾ ಶುಲ್ಕದಂಥ ಸಣ್ಣ ಮೊತ್ತಗಳು ಸೇರುತ್ತವೆ. ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಅದರಲ್ಲಿ ಸರ್ಕಾರಕ್ಕೆ ಹೋಗುವುದು ಇಷ್ಟೇ ಎಂಬುದು ನೆನಪಿರಲಿ.

ಪರೀಕ್ಷೆಯೇ ಇಲ್ಲ ಎಂಬ ಸಂದೇಶ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು. 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ, ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರದಲ್ಲಿ ನಿಗದಿತ ತರಬೇತಿ ಮುಗಿಸಿ ಅಲ್ಲಿನ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ಮಾತ್ರ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಅಂಥ ಕೇಂದ್ರಕ್ಕೆ ಜಾಗ, ಟ್ರ್ಯಾಕ್, ಸಲಕರಣೆಗಳ ಕಟ್ಟುನಿಟ್ಟಾದ ಷರತ್ತುಗಳಿವೆ. ನಮ್ಮ ಊರುಗಳಲ್ಲಿರುವ ಸಾಮಾನ್ಯ ಡ್ರೈವಿಂಗ್ ಸ್ಕೂಲ್‌ಗಳು ಆ ವರ್ಗಕ್ಕೆ ಸೇರುವುದಿಲ್ಲ. 2024ರಲ್ಲಿ ಈ ಸುದ್ದಿ ಹರಡಿದಾಗ ನಿಯಮದಲ್ಲಿ ಯಾವ ಬದಲಾವಣೆಯೂ ಆಗಿಲ್ಲವೆಂದು ಕೇಂದ್ರ ಸಚಿವಾಲಯವೇ ಸ್ಪಷ್ಟಪಡಿಸಿತ್ತು. ಆದ್ದರಿಂದ ನೀವು ಆರ್‌ಟಿಒದಲ್ಲಿ ಪರೀಕ್ಷೆ ಕೊಡಬೇಕೆಂದೇ ತಿಳಿದು ತಯಾರಾಗಿ.

ಈಗ ಪರೀಕ್ಷೆಯ ವಿಚಾರ. ಎಲ್ಲರೂ ಹೆದರುವುದು ಎಂಟು ಹಾಕುವುದಕ್ಕೆ, ಅಂದರೆ ಕಾಲೂರದೆ 8ರ ಆಕಾರದಲ್ಲಿ ಬೈಕ್ ಓಡಿಸುವುದಕ್ಕೆ. ಅದನ್ನು ಶಕ್ತಿಯಿಂದ ಹಾಕಲಾಗುವುದಿಲ್ಲ. ಮೊದಲ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಹಿಡಿತದಲ್ಲಿಟ್ಟು, ಆಕ್ಸಿಲರೇಟರನ್ನು ಒಂದೇ ಸಮನೆ ಹಿಡಿದು, ಹಿಂದಿನ ಬ್ರೇಕಿನ ಮೇಲೆ ಕಾಲನ್ನು ಹಗುರವಾಗಿ ಒತ್ತಿ ವೇಗವನ್ನು ಆಳಬೇಕು. ಮುಂದಿನ ಬ್ರೇಕನ್ನು ಆ ನಿಧಾನಗತಿಯ ತಿರುವಿನಲ್ಲಿ ಮುಟ್ಟಲೇಬಾರದು, ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಬೈಕ್ ಅಲ್ಲೇ ವಾಲಿಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಣ್ಣು ಮುಂದಿನ ಚಕ್ರದ ಮೇಲಿರದೆ ನೀವು ಹೋಗಬೇಕಾದ ಜಾಗದ ಮೇಲಿರಬೇಕು. ನೋಟ ಎಲ್ಲಿದೆಯೋ ಬೈಕ್ ಅಲ್ಲಿಗೆ ಹೋಗುತ್ತದೆ. ಇದರ ಜೊತೆಗೆ ಕೈಸನ್ನೆ, ಇಂಡಿಕೇಟರ್, ಹೊರಡುವ ಮೊದಲು ಹಿಂದಿರುಗಿ ನೋಡುವುದು, ಇವನ್ನೂ ಗಮನಿಸುತ್ತಾರೆ. ಒಮ್ಮೆ ಅನುತ್ತೀರ್ಣರಾದರೆ ಏಳು ದಿನ ಕಳೆದು ಮತ್ತೆ ಹೋಗಬಹುದು. ಮೂರು ಸಲ ಆಗದಿದ್ದರೆ ಮಾತ್ರ 60 ದಿನ ಕಾಯಬೇಕಾಗುತ್ತದೆ.

ಕಲಿಯುವ ಬೈಕ್ ಮತ್ತು ಪರೀಕ್ಷೆಗೆ ಒಯ್ಯುವ ಬೈಕ್ ಒಂದೇ ಆಗಿರಲಿ. ಸ್ಪ್ಲೆಂಡರಿನಲ್ಲಿ ನ್ಯೂಟ್ರಲ್‌ನಿಂದ ಎಲ್ಲ ಗೇರ್‌ಗಳೂ ಲಿವರನ್ನು ಮುಂದಕ್ಕೆ ಒತ್ತಿದರೆ ಬೀಳುತ್ತವೆ, ಹಿಮ್ಮಡಿಯಿಂದ ಒತ್ತಿ ಇಳಿಸಬೇಕು. ಪಲ್ಸರ್, ಅಪಾಚೆಯಂಥ ಬೈಕುಗಳಲ್ಲಿ ಮೊದಲ ಗೇರ್ ಕೆಳಕ್ಕೆ, ಉಳಿದವೆಲ್ಲ ಮೇಲಕ್ಕೆ. ಒಂದರಲ್ಲಿ ಕಲಿತು ಇನ್ನೊಂದರಲ್ಲಿ ಪರೀಕ್ಷೆಗೆ ಹೋದರೆ ಗಾಬರಿಯಲ್ಲಿ ಕಾಲು ಹಳೆಯ ಅಭ್ಯಾಸಕ್ಕೇ ಹೋಗುತ್ತದೆ.

ನಿಮಗೆ 30 ವರ್ಷ ತುಂಬಿಲ್ಲದ ಕಾರಣ ಡಿಎಲ್ ನಿಮ್ಮ 40ನೇ ವಯಸ್ಸಿನವರೆಗೆ ನಡೆಯುತ್ತದೆ. ಇಷ್ಟು ದೀರ್ಘ ಕಾಲಕ್ಕೆ ದೊರೆಯುವ ಪತ್ರಕ್ಕಾಗಿ ಒಂದು ಋತು ಚೆನ್ನಾಗಿ ಕಲಿಯುವುದು ಹೆಚ್ಚೇನಲ್ಲ.

ಕೊಪ್ಪ ಗ್ಯಾರೇಜ್:

ಬೈಕಿನ ವಿಚಾರ ನಾನು ಹೇಳುತ್ತೇನೆ. ನಮ್ಮದೂ ಇದೇ ಮಳೆ, ಇದೇ ತಿರುವು. ಇಲ್ಲಿನ ರಸ್ತೆಗಳಲ್ಲಿ ಬಿದ್ದ ಬೈಕುಗಳನ್ನು ರಿಪೇರಿ ಮಾಡುತ್ತಲೇ ನಾನು ಈ ಅಭಿಪ್ರಾಯಕ್ಕೆ ಬಂದದ್ದು: ಮೊದಲ ಬೈಕನ್ನು ಎಂಜಿನ್ ನೋಡಿ ಆರಿಸಬಾರದು, ತೂಕ ಮತ್ತು ಬ್ರೇಕ್ ನೋಡಿ ಆರಿಸಬೇಕು.

ಭಾರವಿದ್ದಷ್ಟೂ ರಸ್ತೆ ಹಿಡಿಯುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಬಯಲು ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ, ಲಾರಿಯ ಗಾಳಿ ಹೊಡೆದಾಗ ಭಾರದ ಬೈಕ್ ಅಲುಗುವುದು ಕಡಿಮೆ. ಆದರೆ ಹೊಸಬರು ಬೀಳುವುದು ಅಲ್ಲಿ ಅಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ ಕಾಲು ಊರುವಾಗ, ಎದುರಿಗೆ ಬಸ್ಸು ಬಂತೆಂದು ರಸ್ತೆಯಂಚಿನ ಮಣ್ಣಿಗೆ ಇಳಿಯುವಾಗ, ಅಂಗಳದಲ್ಲಿ ತಿರುಗಿಸುವಾಗ, ಸ್ಟ್ಯಾಂಡ್ ಹಾಕುವಾಗ ಬೀಳುತ್ತಾರೆ. ಅಲ್ಲೆಲ್ಲ ಪ್ರತಿ ಕಿಲೋವೂ ನಿಮ್ಮ ತೋಳಿನ ಮೇಲೆಯೇ ಬರುತ್ತದೆ.

ಶೋರೂಮಿನಲ್ಲಿ ಎಲ್ಲರೂ ಸೀಟಿನ ಎತ್ತರವನ್ನೇ ಹೇಳುತ್ತಾರೆ. ಹೋಂಡಾ ಶೈನ್ 125ರ ಸೀಟು 791 ಮಿಲಿಮೀಟರ್, ರಾಯಲ್ ಎನ್‌ಫೀಲ್ಡ್ ಹಂಟರ್ 350ರದ್ದು 790. ಕಾಗದದ ಮೇಲೆ ಎರಡೂ ಒಂದೇ. ಆದರೆ ಶೈನಿನ ತೂಕ ಸುಮಾರು 113 ಕಿಲೋ, ಹಂಟರಿನದ್ದು 181. ಕ್ಲಾಸಿಕ್ 350 ಇನ್ನೂ ಭಾರ, 195 ಕಿಲೋ. ಶೈನ್ ಸ್ವಲ್ಪ ವಾಲಿದರೆ ನೀವು ತಡೆಯುತ್ತೀರಿ. ಹಂಟರ್ ಅಷ್ಟೇ ವಾಲಿದರೆ ತಡೆಯಬಲ್ಲಿರೋ ಇಲ್ಲವೋ ಎಂಬುದು ಆ ಕ್ಷಣದ ನೆಲದ ಮೇಲೆ ನಿಂತಿದೆ. ಇದು ಹೆಂಗಸರು, ಗಂಡಸರು ಎಂಬ ಪ್ರಶ್ನೆಯೇ ಅಲ್ಲ. ಆರಡಿ ಎತ್ತರದ ಹುಡುಗರೂ ಮೊದಲ ಮಳೆಗಾಲದಲ್ಲಿ 350 ಸಿಸಿ ಬೈಕುಗಳ ಕಾಲುಪೆಡಲ್, ಹ್ಯಾಂಡಲ್ ಬಗ್ಗಿಸಿಕೊಂಡು ನನ್ನಲ್ಲಿಗೆ ಬರುತ್ತಾರೆ. ನಿಮ್ಮ ಸಹೋದ್ಯೋಗಿ ಹೇಳುವ ಬೈಕುಗಳು ಒಳ್ಳೆಯವೇ, ಅವು ಎರಡನೆಯ ಬೈಕಾಗಿ ಬರಲಿ.

ಬ್ರೇಕಿನ ವಿಚಾರ ಇನ್ನೂ ಮುಖ್ಯ. 2019ರ ಏಪ್ರಿಲ್ 1ರಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು, 125 ಸಿಸಿ ಮತ್ತು ಅದಕ್ಕಿಂತ ಕಡಿಮೆಯವಕ್ಕೆ ಕನಿಷ್ಠ ಸಿಬಿಎಸ್ ಬೇಕೆಂದಾಯಿತು. ಈ ಎರಡನ್ನೂ ಒಂದೇ ಎಂದು ತಿಳಿಯಬೇಡಿ. ಸಿಬಿಎಸ್ ಇರುವ ಬೈಕಿನಲ್ಲಿ ಕಾಲಿನ ಬ್ರೇಕ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ, ಇದರಿಂದ ನಿಲ್ಲುವ ದೂರ ಕಡಿಮೆಯಾಗುತ್ತದೆ. ಆದರೆ ಜಾರುವ ರಸ್ತೆಯಲ್ಲಿ ಗಟ್ಟಿಯಾಗಿ ಒತ್ತಿದಾಗ ಚಕ್ರ ಲಾಕ್ ಆಗುವುದನ್ನು ಅದು ತಡೆಯುವುದಿಲ್ಲ. ಎಬಿಎಸ್ ಚಕ್ರದ ವೇಗವನ್ನು ಅಳೆಯುತ್ತಾ, ಚಕ್ರ ನಿಲ್ಲುವಂತಾದ ಕೂಡಲೇ ಬ್ರೇಕಿನ ಒತ್ತಡವನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ. ಅಡ್ಡಲಾಗಿ ದನ ಬಂದಾಗ ಗಾಬರಿಯಿಂದ ಮುಂದಿನ ಬ್ರೇಕನ್ನು ಪೂರ್ತಿ ಹಿಡಿದುಬಿಡುವುದು ಮನುಷ್ಯನ ಸಹಜ ಗುಣ, ಒದ್ದೆ ಡಾಂಬರಿನ ಮೇಲೆ ಆ ಗಾಬರಿಯನ್ನು ಎಬಿಎಸ್ ಸಹಿಸಿಕೊಳ್ಳುತ್ತದೆ. ಆದ್ದರಿಂದ 125 ಸಿಸಿ ಬೈಕನ್ನೇ ಕೊಳ್ಳುವುದಾದರೂ ಎಬಿಎಸ್ ಇರುವ ಮಾದರಿ ಸಿಗುತ್ತದೆಯೇ ಎಂದು ಹುಡುಕಿ. ಹೀರೋ ಎಕ್ಸ್‌ಟ್ರೀಮ್ 125ಆರ್‌ನಲ್ಲಿ ಮುಂದಿನ ಚಕ್ರಕ್ಕೆ ಎಬಿಎಸ್ ಇರುವ ಮಾದರಿಯಿದೆ. ಸೀಟು 794 ಮಿಲಿಮೀಟರ್, ತೂಕ 136 ಕಿಲೋ. ಇದು ನಿಮ್ಮ ಕಾಲಿಗೆ ನಿಲುಕುತ್ತದೆಯೇ ಎಂದು ಕೂತು ನೋಡಬೇಕು, ಹಿಮ್ಮಡಿ ಪೂರ್ತಿ ತಾಗಬೇಕಾಗಿಲ್ಲ, ಎರಡೂ ಪಾದಗಳ ಮುಂಭಾಗ ದೃಢವಾಗಿ ಊರಿದರೆ ಸಾಕು. ಅಂಥದ್ದು ಹೊಂದದಿದ್ದರೆ ಮುಂದೆ ಡಿಸ್ಕ್ ಬ್ರೇಕ್ ಇರುವ ಶೈನ್ ತರಹದ ಹಗುರ ಬೈಕ್ ತೆಗೆದುಕೊಳ್ಳಿ. ನೀರು ಸಿಡಿದ ಡಿಸ್ಕ್ ಒಂದೆರಡು ಸುತ್ತಿಗೇ ಒಣಗುತ್ತದೆ, ಒಳಗೆ ನೀರು ಸೇರಿದ ಡ್ರಮ್ ಬ್ರೇಕ್ ಸ್ವಲ್ಪ ಹೊತ್ತು ಹಿಡಿಯುವುದೇ ಇಲ್ಲ.

ಸ್ಪ್ಲೆಂಡರ್ ಪ್ಲಸ್ಸಿನ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. 112 ಕಿಲೋ ತೂಕ, 785 ಮಿಲಿಮೀಟರ್ ಸೀಟು, ಯಾವ ಹಳ್ಳಿಯಲ್ಲಿ ಕೆಟ್ಟರೂ ಬಿಡಿಭಾಗ ಸಿಗುತ್ತದೆ. ಕಲಿಯಲು ಅದಕ್ಕಿಂತ ಒಳ್ಳೆಯ ಬೈಕಿಲ್ಲ. ನಿತ್ಯ ಹೆದ್ದಾರಿಯಲ್ಲಿ ಲಾರಿ ದಾಟಬೇಕಾದಾಗ ಮಾತ್ರ 125 ಸಿಸಿಯ ಎಳೆತ ಬೇಕೆನಿಸುತ್ತದೆ, ಏರಿನಲ್ಲಿ ಅದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಹಣದ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿಯವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಆದರೆ ಕರ್ನಾಟಕದ ಜೀವಿತಾವಧಿ ತೆರಿಗೆ ಬೇರೆ. ವಾಹನದ ಬೆಲೆ 50,000 ರೂಪಾಯಿ ದಾಟಿ ಒಂದು ಲಕ್ಷದೊಳಗಿದ್ದರೆ ಶೇ. 12, ಒಂದು ಲಕ್ಷ ದಾಟಿದರೆ ಶೇ. 18, ಅದರ ಮೇಲೆ ಸೆಸ್. ಅಂದರೆ 95,000 ರೂಪಾಯಿಯ ಬೈಕಿಗೆ ತೆರಿಗೆ 11,400 ಆದರೆ, 1,05,000 ರೂಪಾಯಿಯ ಬೈಕಿಗೆ 18,900. ಬೆಲೆಯ ವ್ಯತ್ಯಾಸ ಹತ್ತು ಸಾವಿರವೆಂದು ಶೋರೂಮಿನವರು ಹೇಳಿದರೆ ತೆರಿಗೆಯೂ ಸೇರಿದ ಆನ್‌ರೋಡ್ ವ್ಯತ್ಯಾಸ ಹದಿನೇಳು ಸಾವಿರ ದಾಟಿರುತ್ತದೆ. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ನಿಮ್ಮ ವಾಹನದಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಯನ್ನು, ಒಟ್ಟಿಗೇ ಕಟ್ಟಬೇಕೆಂಬ ನಿಯಮ 2018ರ ಸೆಪ್ಟೆಂಬರಿನಿಂದ ಇದೆ. ಆದ್ದರಿಂದ ಯಾವುದೇ ಬೈಕಿನ ಆನ್‌ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ತೆರಿಗೆ, ನೋಂದಣಿ, ವಿಮೆ ಬಿಟ್ಟು ಉಳಿದ ಸಾಲುಗಳಲ್ಲಿ ಏನಿದೆಯೆಂದು ಒಂದೊಂದನ್ನೂ ಕೇಳಿ, ಬೇಡವಾದ ಬಿಡಿಭಾಗಗಳನ್ನು ತೆಗೆಸಿ. ಉಳಿದ ಹಣ ಹೆಲ್ಮೆಟ್ಟಿಗೂ ಮಳೆಯ ಉಡುಪಿಗೂ ಹೋಗಲಿ.

ಕರಾವಳಿಯ ದಾರಿ:

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಸ್ಕೂಟರನ್ನು ಇಷ್ಟು ಬೇಗ ಬದಿಗಿಡಬೇಕಾಗಿಲ್ಲ. ನಾನು ಉಡುಪಿಯವಳು, ಮೊದಲು ಸ್ಕೂಟರಿನಲ್ಲಿ, ಈಗ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ನಿಮ್ಮ ತಂದೆಯವರು ಹೇಳುವ ಕಾರಣ ಸರಿಯಲ್ಲ, ಹುಡುಗಿಯರ ಕೈಯಲ್ಲಿ ಕ್ಲಚ್ ನಿಲ್ಲುವುದಿಲ್ಲವೆಂಬುದು ಶುದ್ಧ ಸುಳ್ಳು. ಆದರೆ ಸ್ಕೂಟರಿಗೆ ಬೇರೆ ಗುಣಗಳಿವೆ. ಸೀರೆ ಉಟ್ಟು ಶಾಲೆಗೆ ಹೋಗುವವರಿಗೆ ಕಾಲಿಡುವ ಜಾಗವಿದೆ, ಪುಸ್ತಕ ಮತ್ತು ಊಟದ ಡಬ್ಬಿ ಸೀಟಿನ ಕೆಳಗೆ ನೆನೆಯದೆ ಇರುತ್ತವೆ, ಎದುರಿನ ಕೆಸರು ಕಾಲಿಗೆ ಸಿಡಿಯುವುದು ಕಡಿಮೆ.

ನಿಮ್ಮ ದಾರಿಯಲ್ಲಿ ಅದರ ಕೊರತೆ ಚಕ್ರದ ಗಾತ್ರದಲ್ಲಿದೆ. ಸ್ಕೂಟರುಗಳ ಚಕ್ರ ಸಾಮಾನ್ಯವಾಗಿ 10 ಅಥವಾ 12 ಇಂಚು, ಬೈಕುಗಳದ್ದು 17 ಅಥವಾ 18. ನೀರು ತುಂಬಿ ಆಳ ಕಾಣದ ಗುಂಡಿಯನ್ನು ದೊಡ್ಡ ಚಕ್ರ ಹತ್ತಿ ದಾಟುತ್ತದೆ, ಸಣ್ಣ ಚಕ್ರ ಅದರೊಳಗೆ ಇಳಿದು ಹ್ಯಾಂಡಲನ್ನು ಕಿತ್ತುಕೊಳ್ಳುತ್ತದೆ. ಇನ್ನೊಂದು ಕೊರತೆ ಇಳಿಜಾರಿನಲ್ಲಿ. ಬೈಕನ್ನು ಎರಡನೆಯ ಗೇರಿನಲ್ಲಿಟ್ಟರೆ ಎಂಜಿನ್ನೇ ಅದನ್ನು ಹಿಡಿದು ಇಳಿಸುತ್ತದೆ. ಸ್ಕೂಟರಿನಲ್ಲಿ ಆ ಹಿಡಿತ ಕಡಿಮೆ, ಬ್ರೇಕ್ ಒಂದನ್ನೇ ನಂಬಬೇಕು. ನೀವು ಹೇಳಿದ ಏರಿಳಿತ ಮತ್ತು ಮಣ್ಣಿನ ದಾರಿಗೆ ಬೈಕೇ ಸರಿಯೆಂದು ನನಗೂ ಅನ್ನಿಸುವುದು ಈ ಎರಡು ಕಾರಣಕ್ಕೆ. ಏನೇ ಆಗಲಿ, ಪೆಟ್ರೋಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಅಥವಾ ಕ್ಲಚ್ ಹಿಡಿದೇ ಇಳಿಯುವ ಅಭ್ಯಾಸ ಮಾಡಿಕೊಳ್ಳಬೇಡಿ.

ಮಳೆಯ ಬಗ್ಗೆ ಎರಡು ಮಾತು. ಸುರಿಯುವ ಮಳೆಗಿಂತ ಮೊದಲ ಮಳೆ ಅಪಾಯಕಾರಿ, ಏಕೆಂದರೆ ಬೇಸಿಗೆಯಿಡೀ ಡಾಂಬರಿನ ಮೇಲೆ ಕೂತ ಎಣ್ಣೆ ಮತ್ತು ದೂಳು ತೊಳೆದುಹೋಗುವ ಮೊದಲು ನೀರಿನೊಂದಿಗೆ ಕಲೆತು ಜಾರುತ್ತದೆ. ಜುಲೈ ಕಳೆದ ಮೇಲೆ ಮರದ ನೆರಳಿರುವ ರಸ್ತೆಯಂಚಿನಲ್ಲಿ ಪಾಚಿ ಕಟ್ಟುತ್ತದೆ. ಎದುರು ವಾಹನಕ್ಕೆ ದಾರಿ ಬಿಡುವಾಗ ಅದರ ಮೇಲೆ ಬ್ರೇಕ್ ಹಿಡಿಯದೆ, ಮೊದಲೇ ವೇಗ ಇಳಿಸಿಕೊಂಡು ಅಂಚಿಗೆ ಬನ್ನಿ. ತಿರುವಿನಲ್ಲೂ ಹಾಗೆಯೇ, ಬೈಕ್ ನೇರವಾಗಿರುವಾಗಲೇ ಎರಡೂ ಬ್ರೇಕುಗಳನ್ನು ಹದವಾಗಿ ಒತ್ತಿ ವೇಗ ಇಳಿಸಿ, ಆಮೇಲೆ ತಿರುಗಿ.

ಬೈಕಿನಲ್ಲಿ ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ರಕ್ಷಣೆ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಚೆಂದ ಕಾಣುವುದಿಲ್ಲವೆಂದು ಸೀರೆ ಗಾರ್ಡನ್ನು ತೆಗೆಸಬೇಡಿ. ನೀವು ಓಡಿಸುವಾಗ ವೇಲ್ ಅಥವಾ ಸೆರಗನ್ನು ಜಾಕೆಟ್ಟಿನೊಳಗೆ ಸೇರಿಸಿ. ಹೆಲ್ಮೆಟ್ಟಿನಲ್ಲಿ ಐಎಸ್ 4151 ಎಂಬ ಸಂಖ್ಯೆಯಿರುವ ಐಎಸ್‌ಐ ಮುದ್ರೆ ನೋಡಿ. 2021ರ ಜೂನ್ 1ರಿಂದ ಆ ಮುದ್ರೆಯಿಲ್ಲದ ಹೆಲ್ಮೆಟ್ ಮಾರುವಂತಿಲ್ಲ, ಆದರೂ ರಸ್ತೆಬದಿಯಲ್ಲಿ ಸಿಗುತ್ತವೆ. ಕಪ್ಪು ಗಾಜಿನದ್ದು ಬೇಡ, ಮಂಜಿನಲ್ಲಿ ಅದು ಕಣ್ಣು ಕಟ್ಟಿದಂತೆ. ಕೆನ್ನೆಗೆ ಬಿಗಿಯಾಗಿ ಕೂತು, ಪಟ್ಟಿ ಹಾಕಿ ತಲೆಯಾಡಿಸಿದಾಗ ಜರುಗದಿದ್ದರೆ ಅದು ನಿಮ್ಮ ಅಳತೆ.

ತುಂಗಾತೀರದ ಶಿಕ್ಷಕಿ:

ಇಷ್ಟು ವಿವರವಾಗಿ ಬರೆದ ಮೂವರಿಗೂ ತುಂಬಾ ಧನ್ಯವಾದಗಳು. ಗೇರ್ ಪರವಾನಗಿಗೇ ಅರ್ಜಿ ಹಾಕುತ್ತೇನೆ, 350 ಸಿಸಿಯ ಆಲೋಚನೆ ಬಿಟ್ಟೆ. ಅಪ್ಪನಿಗೆ ಚಕ್ರದ ಗಾತ್ರದ ಮಾತನ್ನು ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, ಹಾಗಿದ್ದರೆ ಹಗುರವಾದ ಬೈಕ್ ನೋಡೋಣ ಎಂದರು.

ಈಗ ಹೊಸ ವಿಷಯವೊಂದು ಎದುರಾಗಿದೆ. ದಾವಣಗೆರೆಯಲ್ಲಿರುವ ನನ್ನ ಸೋದರಮಾವ ತಮ್ಮ 2017ರ 150 ಸಿಸಿ ಬೈಕನ್ನು ಕಡಿಮೆ ಬೆಲೆಗೆ ಕೊಡುತ್ತೇನೆ, ಸದ್ಯಕ್ಕೆ ತಮ್ಮ ಹೆಸರಿನಲ್ಲೇ ಇರಲಿ, ನಿಧಾನವಾಗಿ ವರ್ಗಾಯಿಸಿಕೊಂಡರಾಯಿತು ಎನ್ನುತ್ತಾರೆ. ಬೈಕಿಗೆ ಸಾಲವಿತ್ತು, ತೀರಿದೆಯಂತೆ. ಮನೆಯವರೊಳಗಿನ ವ್ಯವಹಾರವಾದ್ದರಿಂದ ಹೀಗೆ ಮಾಡಿದರೆ ತೊಂದರೆಯಿದೆಯೇ? ಎಲ್‌ಎಲ್‌ಆರ್ ಬಂದ ಕೂಡಲೇ ಅದೇ ಬೈಕಿನಲ್ಲಿ ಶಾಲೆಗೆ ಹೋಗುತ್ತಾ ಕಲಿಯಬಹುದೇ? ನನ್ನ ದಾರಿಯಲ್ಲೇ ಇರುವ ಅಡುಗೆಯ ಸಹಾಯಕಿಯೊಬ್ಬರು ಹಿಂದೆ ಕೂರುತ್ತೇನೆ ಎನ್ನುತ್ತಿದ್ದಾರೆ.

ಶಿವಮೊಗ್ಗದ ವಕೀಲ:

ಅಪಘಾತ ಪರಿಹಾರದ ಪ್ರಕರಣಗಳನ್ನು ನಡೆಸುವವನಾಗಿ ಇದಕ್ಕೆ ಉತ್ತರಿಸಲೇಬೇಕೆನಿಸಿತು. ದಯವಿಟ್ಟು ಅವರ ಹೆಸರಿನಲ್ಲಿಟ್ಟುಕೊಂಡು ಓಡಿಸುವ ವ್ಯವಸ್ಥೆಗೆ ಒಪ್ಪಬೇಡಿ. ಇದು ನಿಮಗಿಂತ ಹೆಚ್ಚಾಗಿ ನಿಮ್ಮ ಸೋದರಮಾವನವರಿಗೆ ಅಪಾಯ. ವಾಹನವನ್ನು ಮಾರಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರನ್ನೇ ಮಾಲೀಕರೆಂದು ಪರಿಗಣಿಸಿ ಪರಿಹಾರದ ಹೊಣೆ ಹೊರಿಸಲಾಗುತ್ತದೆ ಎಂಬುದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಬೈಕ್ ಕೈಬದಲಾಗಿ ವರ್ಷಗಳೇ ಕಳೆದ ಮೇಲೆ, ತಾವು ಕಾಣದ ಊರಿನ ಅಪಘಾತಕ್ಕಾಗಿ ನೋಟಿಸು ಹಿಡಿದು ಬರುವ ಹಿರಿಯರನ್ನು ಸಮಾಧಾನಪಡಿಸುವುದು ಬಹಳ ಕಷ್ಟ.

ಕಾನೂನಿನಂತೆ ಮಾರಿದವರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಅದಕ್ಕೆ ನಮೂನೆ 29 ಮತ್ತು 30. ಎರಡೂ ಊರುಗಳು ಕರ್ನಾಟಕದೊಳಗೇ ಇರುವುದರಿಂದ ಹೊರರಾಜ್ಯದ ವಾಹನಕ್ಕಿರುವ ತೆರಿಗೆಯ ತೊಡಕು ನಿಮಗಿಲ್ಲ. ಸಾಲ ತೀರಿದೆ ಎಂಬ ಮಾತು ಸಾಲದು, ನೋಂದಣಿ ಪತ್ರವಾದ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆದುಹಾಕಿರಬೇಕು. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35 ಕೊಟ್ಟು ಅದನ್ನು ಮೊದಲು ಮಾಡಿಸಲಿ. ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಬೈಕಿನ ಮೇಲಿರುವ ಸಂಖ್ಯೆಗಳೊಂದಿಗೆ ಹೋಲಿಸಿ ನೋಡಿ, ಬಾಕಿ ದಂಡಗಳಿದ್ದರೆ ತೀರಿಸಲು ಹೇಳಿ. 2019ರ ಏಪ್ರಿಲ್‌ಗಿಂತ ಹಿಂದಿನ ವಾಹನವಾದ್ದರಿಂದ ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ಎಂಬುದನ್ನೂ ಗಮನಿಸಿ. ನೋಂದಣಿ 15 ವರ್ಷಕ್ಕೆ, ಅಂದರೆ 2032ರವರೆಗೆ ಇರುತ್ತದೆ.

ವಿಮೆಯಲ್ಲಿ ಜನ ಎಡವುವ ಜಾಗ ಒಂದಿದೆ. ವಾಹನ ವರ್ಗಾವಣೆಯಾದಾಗ ಥರ್ಡ್ ಪಾರ್ಟಿ ಭಾಗ ಹೊಸ ಮಾಲೀಕರ ಕಡೆಗೆ ತಾನಾಗಿಯೇ ಬಂದಿತೆಂದು ಕಾನೂನು ಭಾವಿಸುತ್ತದೆ. ಬೈಕಿಗೇ ಆಗುವ ಹಾನಿಯ ರಕ್ಷಣೆ ಹಾಗಲ್ಲ, ಪಾಲಿಸಿಯನ್ನು ನಿಮ್ಮ ಹೆಸರಿಗೆ ಬದಲಿಸಿಕೊಂಡ ಮೇಲೆಯೇ ಅದು ನಿಮಗೆ ದಕ್ಕುತ್ತದೆ. ಮಾಲೀಕ-ಚಾಲಕರ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೂ ಹಾಗೆಯೇ, ಅದಕ್ಕೆ ಬೈಕ್ ನಿಮ್ಮ ಹೆಸರಿನಲ್ಲಿರಬೇಕು ಮತ್ತು ಚಾಲ್ತಿಯಲ್ಲಿರುವ ಪರವಾನಗಿ ಇರಬೇಕು. ಸೋದರಮಾವನವರ ಹೆಸರಿನ ಬೈಕಿನಲ್ಲಿ ನಿಮಗೆ ಪೆಟ್ಟಾದರೆ ಆ ರಕ್ಷಣೆ ನಿಮಗಿರುವುದಿಲ್ಲ. ಇದಲ್ಲದೆ, ಕೊಪ್ಪದವರು ಹೇಳಿದ ಬ್ರೇಕಿನ ನಿಯಮ 2017ರ ಬೈಕಿಗೆ ಅನ್ವಯಿಸುತ್ತಿರಲಿಲ್ಲ. 150 ಸಿಸಿ ಬೈಕಾದರೂ ಅದರಲ್ಲಿ ಎಬಿಎಸ್ ಇರುವ ಸಾಧ್ಯತೆ ಕಡಿಮೆ. ಅದನ್ನು ಕಲಿಕೆಗೆ ಬಳಸಿ, ನಿತ್ಯದ ಮಳೆಯ ದಾರಿಗೆ ಹೊಸದನ್ನೇ ಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಎಲ್‌ಎಲ್‌ಆರ್ ಕೈಗೆ ಬಂದ ಕೂಡಲೇ ಒಂಟಿಯಾಗಿ ಶಾಲೆಗೆ ಹೊರಡುವುದು ನಿಯಮಕ್ಕೂ ಸರಿಹೋಗುವುದಿಲ್ಲ, ಕ್ಷೇಮವೂ ಅಲ್ಲ. ಹಿಂದೆ ಮತ್ತು ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಅಕ್ಷರವಿರಬೇಕು, ಡಿಎಲ್ ಇರುವವರು ಕಲಿಸುವವರಾಗಿ ಜೊತೆಗಿರಬೇಕು. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಆದ್ದರಿಂದ ನಿಮ್ಮ ಅಡುಗೆಯ ಸಹಾಯಕಿಯವರು ಡಿಎಲ್ ಬರುವವರೆಗೆ ಬಸ್ಸಿನಲ್ಲೇ ಹೋಗಲಿ. ಆಮೇಲೆ ಅವರಿಗೂ ಹೆಲ್ಮೆಟ್ ಬೇಕು, ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಅದು 2016ರ ಜನವರಿಯಿಂದಲೇ ಕಡ್ಡಾಯವಾಗಿದೆ. ನಿಮ್ಮದನ್ನು ಕೊಳ್ಳುವ ದಿನವೇ ಅವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಅವರ ತಲೆಗೆ ಸರಿಯಾದ ಅಳತೆಯದನ್ನು ಕೊಡಿಸಿ.